ಖಾಲಿ ಕುರ್ಚಿಗೊಂದು ಪ್ಲೇಟು ನೂಡಲ್ಸ್

ಬೇರೆಯವರ ಮನೆಯಲ್ಲಿ ಇಂಥದ್ದು ಎಲ್ಲೋ ವರ್ಷಕ್ಕೊಮ್ಮೆ ಆಗುತ್ತದಂತೆ, ಅದನ್ನೇ ಅವರು ಹತ್ತು ವರ್ಷ ಹೇಳಿಕೊಂಡು ನಗುತ್ತಾರಂತೆ. ನಮ್ಮಲ್ಲಿ ಹಾಗಲ್ಲ ಮಾರಾಯ್ರೆ, ಒಂದು ಮುಗಿದು ಉಸಿರು ಬಿಡುವುದರೊಳಗೆ ಇನ್ನೊಂದು ಮೆಟ್ಟಿಲು ಹತ್ತಿ ಬರುತ್ತದೆ.

ಮೆಟ್ಟಿಲು ಎಂದೆ, ಯಾಕೆಂದರೆ ನನ್ನ ಸೋದರಮಾವನ ಹೋಟೆಲು ಇದ್ದದ್ದು ಮಣಿಪಾಲದಿಂದ ಪರ್ಕಳಕ್ಕೆ ಹೋಗುವ ರಸ್ತೆಯಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮೇಲೆ. ಮಾವ ಮೊದಲು ಹಡಗಿನ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದವರು. ಅಲ್ಲಿ ಚೀನಾದ ಒಬ್ಬ ಅಡಿಗೆಯವ, ಸಿಚುವಾನ್ ಎಂಬ ಕಡೆಯವ, ಇವರಿಗೆ ಕೈಯಲ್ಲಿ ಹಿಟ್ಟು ಎಳೆದು ನೂಡಲ್ಸ್ ಮಾಡಲಿಕ್ಕೆ ಕಲಿಸಿದ. ಊರಿಗೆ ಬಂದು ಅದನ್ನೇ ಶುರು ಮಾಡಿದರು. ಕಾಲೇಜು ಹುಡುಗರು ಬಂದು "ಅಂಕಲ್, ಗೋಬಿ ಮಂಚೂರಿ ಉಂಟಾ?" ಎಂದು ಕೇಳಿದರೆ ಸಾಕು, "ಅದು ಬೇಕಾದರೆ ಕೆಳಗೆ ಗಾಡಿ ಉಂಟು, ಇಳಿ! ಚೀನಾ ಎಂದರೆ ಎಂತ, ಒಂದೇ ಊರಾ? ಉಡುಪಿ ಸಾರು, ಧಾರವಾಡದ ಸಾರು ಒಂದೇಯಾ?" ಎಂದು ಸೌಟು ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು. ಬಡಿಸಲಿಕ್ಕೆ ಬಾಗಲಕೋಟೆ ಕಡೆಯ ಒಬ್ಬರು ಅಣ್ಣ ಇದ್ದರು, ನಾನು ಸಂಜೆ ಟೈಪಿಂಗ್ ಕ್ಲಾಸು ಮುಗಿಸಿ ಹೋಗಿ ಆರ್ಡರ್ ಬರೆದುಕೊಳ್ಳುತ್ತಿದ್ದೆ.

ಇದೆಲ್ಲ ಮೊಬೈಲು ಇನ್ನೂ ಎಲ್ಲರ ಕೈಗೆ ಬಾರದ ಕಾಲ. ಮನೆಯಲ್ಲಿ ನನಗೆ ಗಂಡು ನೋಡುತ್ತಿದ್ದರು. ನಮ್ಮಲ್ಲಿ ಮನೆತನ ಬರುವುದು ತಾಯಿಯ ಕಡೆಯಿಂದ, ಹಾಗಾಗಿ ಸೋದರಮಾವ ಹೂಂ ಎಂದರೆ ಹೂಂ, ಉಹುಂ ಎಂದರೆ ಉಹುಂ. ಅಪ್ಪ? ಅಪ್ಪ "ಭಾವ ಹೇಳಿದ ಹಾಗೆ" ಎಂದು ಹೇಳಿ ಪೇಪರ್ ಓದುವವರು.

ಆದರೆ ಹೆದರಿಕೆ ಎಂತದ್ದೆಂದರೆ, ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಗಾಲದಲ್ಲಿ, ನಮ್ಮಲ್ಲಿ ಮದುವೆ ಮಾತು ಎತ್ತುವುದಿಲ್ಲ. ಆಟಿ ಬರುವುದರೊಳಗೆ ಇಲ್ಲಿ ಎಲ್ಲಾದರೂ ಗಟ್ಟಿಯಾಗದಿದ್ದರೆ ಮುಂಬಯಿಯ ಸಂಬಂಧಕ್ಕೆ ಹೂಂ ಅನ್ನುವುದೆಂದು ಅಮ್ಮ ಹೇಳಿಬಿಟ್ಟಿದ್ದರು. ಆ ಮುಂಬಯಿಯವ ಕ್ಯಾಂಟೀನ್ ಇಟ್ಟುಕೊಂಡವ, ಒಳ್ಳೆಯವನೇ, ಆದರೆ ಒಮ್ಮೆ ನಮ್ಮ ಮನೆಗೆ ಬಂದು ಎದುರಿನವರು ಮಾತಾಡುತ್ತಿರುವಾಗಲೇ ಕೂತಲ್ಲಿ ನಿದ್ದೆ ಹೋದವ. ಗೊರಕೆ ಬೇರೆ. ಮಾತಾಡುತ್ತಿದ್ದದ್ದು ನಾನು!

ಈಗ ಗೊತ್ತಾಯಿತಲ್ಲ ನನ್ನ ಸಂಕಟ?

ಕಾಯಿಹಾಲು ಎಲ್ಲಿ?

ಮಾವ ಒಂದು ಹೊಸ ಕಾನೂನು ತಂದರು. ಹುಡುಗಿ ನೋಡುವ ಶಾಸ್ತ್ರ ಮನೆಯಲ್ಲಿ ಬೇಡ, ಹೋಟೆಲಿನಲ್ಲೇ ಆಗಬೇಕು. "ಮನೆಯಲ್ಲಿ ಉಪ್ಪಿಟ್ಟು ಕೊಟ್ಟರೆ ಎಲ್ಲರೂ ದೇವರ ಹಾಗೆ ತಿನ್ನುತ್ತಾರೆ. ನೂಡಲ್ಸ್ ಕೊಡಿ, ನೋಡುವ. ನೂಡಲ್ಸ್ ತಿನ್ನುವಾಗ ಯಾವನಿಗೂ ನಾಟಕ ಮಾಡಲಿಕ್ಕೆ ಆಗುವುದಿಲ್ಲ!"

ಮೊದಲು ಬಂದದ್ದು ಕಾರ್ಕಳದ ಹುಡುಗ. ಬ್ಯಾಂಕಿನಲ್ಲಿ ಕೆಲಸ, ಜತೆಗೆ ಅವನ ಅಮ್ಮ. ನಾನು ಸೀರೆ ಉಟ್ಟು ಎದುರಿಗೆ ಕೂತೆ. ಅಮ್ಮ ನನ್ನ ಪಕ್ಕ, ಮೇಜಿನ ಕೆಳಗೆ ಅವರ ಎರಡು ಬೆರಳು ನನ್ನ ತೊಡೆಯ ಹತ್ತಿರ, ಬಾಯಿ ಬಿಟ್ಟರೆ ಚಿವುಟಲಿಕ್ಕೆ. ಅಡಿಗೆಮನೆಯ ಕಿಂಡಿಯಲ್ಲಿ ಮಾವನ ಎರಡು ಕಣ್ಣು ಮಾತ್ರ.

ಪ್ಲೇಟು ಬಂತು. ಹುಡುಗ ಫೋರ್ಕ್ ಹಾಕಿ ಎತ್ತಿದ. ಎತ್ತಿದ, ಎತ್ತಿದ, ಕೈ ತಲೆಯ ಮೇಲೆ ಹೋಯಿತು, ನೂಡಲ್ಸ್ ಮುಗಿಯಲಿಲ್ಲ. ಅರ್ಧ ಎದ್ದು ನಿಂತ, ಆದರೂ ಮುಗಿಯಲಿಲ್ಲ. ಆಗ ಅವನ ಅಮ್ಮ "ತಾ ಮಗ ಇಲ್ಲಿ" ಎಂದು ಪ್ಲೇಟು ಎಳೆದುಕೊಂಡು ಎರಡು ಚಮಚ ಹಿಡಿದು ಚಕಚಕ ಅಂತ ಎಲ್ಲ ತುಂಡು ತುಂಡು ಮಾಡಿದರು. ಮಾಡಿ ಮುಗಿಸಿ ಆಚೆ ಈಚೆ ನೋಡಿ ಕೇಳಿದರು: "ಎಲ್ಲ ಸರಿ ಉಂಟು. ಶ್ಯಾವಿಗೆಗೆ ಬೆಲ್ಲದ ಕಾಯಿಹಾಲು ಎಲ್ಲಿ? ಒಣಗಿದ್ದು ತಿಂದರೆ ಇವನಿಗೆ ಗಂಟಲು ಹಿಡಿಯುತ್ತದೆ."

ಕಿಂಡಿಯಲ್ಲಿ ಕಣ್ಣು ಮಾಯ. ಮಾವ ಹೊರಗೇ ಬಂದರು. "ಅಮ್ಮ, ಇದನ್ನು ಕತ್ತರಿಸಲಿಕ್ಕಿಲ್ಲ. ಉದ್ದ ಇದ್ದಷ್ಟು ಆಯುಷ್ಯ ಎಂದು ಲೆಕ್ಕ."

"ಅವನ ಆಯುಷ್ಯ ನಾನು ನೋಡಿಕೊಳ್ಳುತ್ತೇನೆ" ಎಂದರು ಅವರು.

"ಹಾಗಾದರೆ ಹೆಂಡತಿ ಎಂತಕ್ಕೆ?" ಎಂದರು ಮಾವ.

ಮುಗಿಯಿತು. ಅವರು ಎದ್ದು ಹೋದರು. ಹೋಗುವಾಗ ಬಾಗಲಕೋಟೆಯ ಅಣ್ಣನ ಹತ್ತಿರ ಕತ್ತರಿಸಿದ್ದಷ್ಟನ್ನೂ ಪಾರ್ಸೆಲ್ ಕಟ್ಟಿಸಿಕೊಂಡರು. ಕಾಯಿಹಾಲು ಮನೆಯಲ್ಲಿ ಮಾಡಿಯೇ ಬಂದಿದ್ದಾರಂತೆ.

ನಾಲಿಗೆ ಹೋಯಿತು

ಎರಡನೆಯವ ಹಿರಿಯಡ್ಕದವ, ಮೆಡಿಕಲ್ ರೆಪ್. ಟೈ ಕಟ್ಟಿಕೊಂಡು ಅಮ್ಮನ ಜತೆಗೆ ಬಂದಿದ್ದ. ಎಂತ ಮಾತು ಅಂತೀರಿ! ನನಗಿಂತ ಜೋರು. ನನಗೆ ಒಳಗೊಳಗೆ ಖುಷಿ, ಹಾ, ಇವನು ನಿದ್ದೆ ಹೋಗುವ ಜಾತಿಯಲ್ಲ. ಫೋರ್ಕಿಗೆ ನೂಡಲ್ಸ್ ಸುತ್ತಿ ಸುತ್ತಿ ಬಾಯಿಗೆ ಹಾಕುತ್ತ ಕಂಪೆನಿ, ಟಾರ್ಗೆಟ್ಟು, ಡಾಕ್ಟರುಗಳು ಎಂದು ಹೇಳುತ್ತಲೇ ಇದ್ದ. ಕಿಂಡಿಯಲ್ಲಿ ಮಾವನ ಕಣ್ಣು ನಗುತ್ತಿತ್ತು. ಆಗಿಹೋಯಿತು ಎಂದೇ ನಾನು ತಿಳಿದುಕೊಂಡೆ.

ಈಗ ಒಂದು ವಿಷಯ ಹೇಳಬೇಕು. ಆ ಚೀನಾದವರ ಅಡಿಗೆಗೆ ಒಂದು ಕಾಳು ಬೀಳುತ್ತದೆ, ತಿಂದರೆ ನಾಲಿಗೆ ಜುಂ ಎನ್ನುತ್ತದೆ. ಅದು ಇಲ್ಲಿ ಎಲ್ಲಿ ಸಿಗಬೇಕು? ಮಾವ ಅದರ ಬದಲಿಗೆ ನಮ್ಮ ತಿರ್ಪಲ್ ಹಾಕುತ್ತಿದ್ದರು, ಕೊಂಕಣಿಯವರು ಬಂಗುಡೆಗೆ ಹಾಕುತ್ತಾರಲ್ಲ, ಆ ಕಾಯಿ. ಅದೂ ಜುಂ ಎನ್ನುತ್ತದೆ. ಅಳಿಯನಾಗುವವ ಎಂಬ ಪ್ರೀತಿಗೆ ಅವತ್ತು ಒಂದು ಮುಷ್ಟಿ ಜಾಸ್ತಿ ಬಿತ್ತು.

ಹುಡುಗ ಮಾತಾಡುತ್ತಾ ಮಾತಾಡುತ್ತಾ ತಟ್ಟನೆ ನಿಲ್ಲಿಸಿದ. ತುಟಿ ಮುಟ್ಟಿ ನೋಡಿಕೊಂಡ. ಇನ್ನೊಮ್ಮೆ ಮುಟ್ಟಿದ. ಮುಖ ಬೆಳ್ಳಗೆ. "ಅಮ್ಮಾ, ನನ್ನ ಬಾಯಿ ಹೋಯಿತು" ಎಂದ. ಎಂದನೋ, ಅಥವಾ ಹಾಗೆ ಏನೋ ಒಂದು ಸ್ವರ ಬಂತು. ತಾನು ಮಾರುವ ಮಾತ್ರೆಗಳ ಕಾಯಿಲೆಗಳೆಲ್ಲ ಅವನಿಗೆ ಬಾಯಿಪಾಠ ನೋಡಿ, ತುಟಿ ಮರಗಟ್ಟಿದರೆ ಪಾರ್ಶ್ವವಾಯುವೇ ಎಂದು ಅವನೇ ತೀರ್ಮಾನ ಮಾಡಿ ಎಡಗೈ ಎತ್ತಿ, ಬಲಗೈ ಎತ್ತಿ, ಒಂದು ಕಾಲೂ ಎತ್ತಿ ಪರೀಕ್ಷೆ ಮಾಡಿಕೊಳ್ಳಲಿಕ್ಕೆ ಶುರು ಮಾಡಿದ. ಅವನ ಅಮ್ಮ ಕುತ್ತಿಗೆಯ ಸರ ಹಿಡಿದುಕೊಂಡು ಮನೆಯ ದೈವಕ್ಕೆ ಹರಕೆ ಹೇಳಿದರು. ನಾನು "ಅಯ್ಯೋ ಅದು ತಿರ್ಪಲ್!" ಎಂದು ಕೂಗಿದರೆ ಅಮ್ಮ ಚಿವುಟಿದರು. ಅಭ್ಯಾಸ ಬಲ! ಅಷ್ಟರಲ್ಲಿ ಅವನನ್ನು ಎತ್ತಿ ರಿಕ್ಷಾಕ್ಕೆ ಹಾಕಿ ಆಗಿತ್ತು.

ಆಸ್ಪತ್ರೆ ಮುಟ್ಟುವಾಗ ಅವನಿಗೆ ಮಾತು ವಾಪಸ್ ಬಂದಿತ್ತು. ಡಾಕ್ಟರ್ ಹುಡುಗಿಯೊಬ್ಬಳು ನಾಡಿ ನೋಡಿ, ಕಣ್ಣು ನೋಡಿ, ಕೊನೆಗೆ "ಎಂತ ತಿಂದದ್ದು, ಎಲ್ಲಿ?" ಎಂದು ಕೇಳಿ ತಿಳಿದುಕೊಂಡಳಂತೆ. ಮರುದಿನ ಸಂಜೆ ಅವಳೂ ಅವಳ ಗೆಳತಿಯರೂ ನಮ್ಮ ಮೆಟ್ಟಿಲು ಹತ್ತಿ ಬಂದು, "ನಿನ್ನೆ ಒಬ್ಬರಿಗೆ ಬಾಯಿ ಹೋಯಿತಲ್ಲ, ಅದೇ ಕೊಡಿ" ಎಂದರು.

ಇಬ್ಬರು ಸೋದರಮಾವಂದಿರು

ಮೂರನೆಯದ್ದು ಉಚ್ಚಿಲದ ಸಂಬಂಧ. ಹುಡುಗ ಎಲ್ಲ ಸರಿ ಇದ್ದ, ಮಾತು ಕಡಿಮೆ, ನೂಡಲ್ಸ್ ಕತ್ತರಿಸಲಿಲ್ಲ, ಬಾಯಿಯೂ ಹೋಗಲಿಲ್ಲ. ಆದರೆ ನೋಡಿ, ಅವನಿಗೂ ಒಬ್ಬ ಸೋದರಮಾವ ಉಂಟಲ್ಲ! ಮೀನಿನ ವ್ಯಾಪಾರದವರು, ಬಿಳಿ ಶರ್ಟು, ಬಿಳಿ ಪಂಚೆ, ಕೂತ ಕುರ್ಚಿ ಕಾಣುವುದಿಲ್ಲ ಅಷ್ಟು ದೊಡ್ಡ ಜನ. ಅವರು ಬಂದವರೇ ಹೇಳಿದರು, "ನೀವು ಹುಡುಗನನ್ನು ತಿನ್ನಿಸಿ ನೋಡುತ್ತೀರಂತೆ. ನಾನು ಹುಡುಗಿಯ ಮಾವನನ್ನು ತಿನ್ನಿಸಿ ನೋಡುವವ."

ಮಾವ ಏಪ್ರನ್ ಬಿಚ್ಚಿ ಎದುರಿಗೆ ಕೂತರು. ಇಬ್ಬರ ನಡುವೆ ಮೆಣಸಿನ ಎಣ್ಣೆಯ ಬಾಟ್ಲಿ. ಅವರು ಒಂದು ಚಮಚ ಹಾಕಿಕೊಂಡರು. ಇವರು ಎರಡು. ಅವರು ಬಾಟ್ಲಿಯನ್ನೇ ಬಗ್ಗಿಸಿದರು. ಹುಡುಗ ನನ್ನನ್ನು ನೋಡುವುದು ಬಿಟ್ಟು ತನ್ನ ಮಾವನನ್ನು ನೋಡುತ್ತಿದ್ದಾನೆ, ನಾನು ನಮ್ಮ ಮಾವನನ್ನು. ನೀರಿನ ಗ್ಲಾಸು ಇಬ್ಬರ ಹತ್ತಿರವೂ ಉಂಟು, ಯಾರು ಮೊದಲು ಮುಟ್ಟಿದರೂ ಸೋಲು.

"ಖಾರ ಸ್ವಲ್ಪ ಕಡಿಮೆಯಾಯಿತಲ್ವಾ?" ಎಂದರು ಅವರು. ಸ್ವರ ಎಲ್ಲೋ ಬಾವಿಯಿಂದ ಬಂದ ಹಾಗೆ.

"ಮಕ್ಕಳಿಗೆ ಕೊಡುವುದು ಇದು" ಎಂದರು ಮಾವ. ಮೂಗಿನ ತುದಿಯಲ್ಲಿ ಹನಿ.

ಕೊನೆಗೆ ಇಬ್ಬರ ಕಣ್ಣಲ್ಲೂ ಧಾರಾಕಾರ. ತಟ್ಟೆ ಎರಡೂ ಖಾಲಿ! ಸಮಸಮ! ಇಬ್ಬರೂ ಎದ್ದು ಒಬ್ಬರನ್ನೊಬ್ಬರು ಅಪ್ಪಿಕೊಂಡು ಗಳಗಳ ಅಂತ ಕಣ್ಣೀರು ಸುರಿಸುವಾಗ ನಾನು ಅಮ್ಮನ ಕೈ ಹಿಡಿದು "ಆಯಿತಮ್ಮಾ ಆಯಿತು" ಎಂದೆ. ಅವತ್ತು ಅಮ್ಮ ಚಿವುಟಲೂ ಇಲ್ಲ.

ಎರಡು ದಿನ ಬಿಟ್ಟು ಫೋನು ಬಂತು. ಹುಡುಗ ಒಪ್ಪಿದ್ದಾನೆ, ಮನೆಯವರು ಒಪ್ಪಿದ್ದಾರೆ, ಆದರೆ ಅವರ ಅಜ್ಜಿ ಬೇಡ ಎಂದರಂತೆ. ಮಾತುಕತೆಯ ದಿನವೇ ಗಂಡಿನ ಕಡೆಯ ಯಜಮಾನ ಅತ್ತುಕೊಂಡು ಮನೆಗೆ ಬಂದ ಸಂಬಂಧ ಶುಭ ಅಲ್ಲವಂತೆ. "ಅದು ಮೆಣಸಿನದ್ದು ಎಂದು ಹೇಳಬಹುದಿತ್ತಲ್ಲ?" ಎಂದು ಅಮ್ಮ ಕೇಳಿದರು. ಮಾವ ಮೀಸೆ ಮೇಲೆ ಕೈ ಆಡಿಸಿ ಹೇಳಿದರು, "ಅವನು ಹೇಳುತ್ತಾನಾ? ಹೇಳಿದರೆ ಸೋತ ಹಾಗೆ ಅಲ್ವಾ!"

ಎದುರಿಗೆ ಬಂದ ಅಕ್ಕ

ಆಟಿ ಬಾಗಿಲಿಗೆ ಬಂತು. ಮುಂಬಯಿಯಿಂದ ಎರಡು ಸಲ ಫೋನು. ನನಗೆ ಊಟ ಸೇರುವುದಿಲ್ಲ, ಯಾರಾದರೂ ಆಕಳಿಸಿದರೆ ಅಳು ಬರುತ್ತದೆ. ಅಮ್ಮ ಜೋಯಿಸರ ಹತ್ತಿರ ಹೋದರು. ಅವರು ಕವಡೆ ಹಾಕಿ ಕೇಳಿದರು, "ಇವಳಿಗಿಂತ ಮೊದಲು ಒಂದು ಹೆಣ್ಣುಮಗು ಇತ್ತಾ?"

ಅಮ್ಮ ತಲೆ ತಗ್ಗಿಸಿದರು. ನನಗೆ ಗೊತ್ತೇ ಇರಲಿಲ್ಲ ನೋಡಿ. ನನಗಿಂತ ಮೊದಲು ಒಬ್ಬಳು ಅಕ್ಕ ಇದ್ದಳಂತೆ, ಹೆಸರು ಇಡುವ ಮೊದಲೇ ಜ್ವರ ಬಂದು ಹೋದಳಂತೆ. ಅಮ್ಮ ಅವಳ ಒಂದು ಅಂಗಿಯನ್ನು ಇಷ್ಟು ವರ್ಷ ಪೆಟ್ಟಿಗೆಯ ಅಡಿಯಲ್ಲಿ ಇಟ್ಟಿದ್ದರಂತೆ.

"ಅವಳಿಗೂ ಈಗ ಮದುವೆಯ ವಯಸ್ಸು" ಎಂದರು ಜೋಯಿಸರು. "ದೊಡ್ಡವಳನ್ನು ಕೂರಿಸಿಕೊಂಡು ಸಣ್ಣವಳಿಗೆ ಮಾಡುತ್ತೀರಾ?"

ನಮ್ಮ ಕಡೆ ಅದು ಉಂಟು. ಸಣ್ಣದರಲ್ಲಿ ತೀರಿಹೋದವರಿಗೂ ಅಂಥದ್ದೇ ಇನ್ನೊಂದು ಮನೆಯ ತೀರಿಹೋದವರನ್ನು ಹುಡುಕಿ ಮದುವೆ ಮಾಡುತ್ತಾರೆ, ಅದೂ ಆಟಿ ತಿಂಗಳಲ್ಲೇ. ಜೀವ ಇದ್ದವರಿಗೆ ಮದುವೆ ಇಲ್ಲದ ತಿಂಗಳು ಅವರಿಗೆ. ಅಮ್ಮ ಕಣ್ಣು ಒರೆಸಿಕೊಂಡು ಅವತ್ತೇ ಅಕ್ಕನಿಗೆ ಗಂಡು ಹುಡುಕಲಿಕ್ಕೆ ಹೊರಟರು. ನನಗೆ ಹುಡುಕುವಾಗ ಇಲ್ಲದ ಉತ್ಸಾಹ! "ಅವಳು ನಿನ್ನ ಹಾಗೆ ಬಾಯಿಬಡುಕಿ ಅಲ್ಲ, ಬೇಗ ಆಗುತ್ತದೆ" ಎಂದರು.

ಮುಂಬಯಿಗೆ ಮಾತ್ರ ಹೇಳಿ ಆಯಿತು: ಆಟಿ ಮುಗಿಯುವವರೆಗೆ ಕಾಯಿರಿ, ಮುಗಿದ ಕೂಡಲೇ ಹೂಂ.

ಖಾಲಿ ಕುರ್ಚಿ

ಕಾಪುವಿನಲ್ಲಿ ಒಬ್ಬ ಹುಡುಗ ಇದ್ದಾನೆ ಎಂದು ಸುದ್ದಿ ಬಂತು. ಇದ್ದಾನೆ ಎಂದರೆ, ಇಲ್ಲ. ಹುಟ್ಟಿದ ತಿಂಗಳಲ್ಲೇ ಹೋದವ. ಎರಡೂ ಮನೆಯ ಬರಿ, ಅಂದರೆ ತಾಯಿ ಕಡೆಯ ಬಳ್ಳಿ, ಬೇರೆ ಬೇರೆ, ಹಾಗಾಗಿ ಆಗುತ್ತದೆ. ಮಾವ ಕೂಡಲೇ ಹೇಳಿದರು, "ಹೋಟೆಲಿಗೆ ಬರಲಿಕ್ಕೆ ಹೇಳಿ."

"ಸತ್ತವನಿಗೂ ನಿನ್ನ ನೂಡಲ್ಸಾ!" ಎಂದು ಅಮ್ಮ ತಲೆ ಚಚ್ಚಿಕೊಂಡರು.

"ಕಾನೂನು ಎಂದರೆ ಕಾನೂನು. ಅವಳಿಗೂ ನಾನು ಸೋದರಮಾವನೇ ಅಲ್ವಾ?"

ಕಾಪುವಿನಿಂದ ಹುಡುಗನ ಅಮ್ಮ ಬಂದರು, ಜತೆಗೆ ಅವರ ಎರಡನೆಯ ಮಗ, ಬದುಕಿರುವವ. ಬೋಟಿನ ಇಂಜಿನ್ ರಿಪೇರಿ ಮಾಡುವವನಂತೆ, ಬೆರಳ ಸಂದಿಯಲ್ಲಿ ಇನ್ನೂ ಗ್ರೀಸು. ಅವರು ಹುಡುಗನಿಗೆಂದು ಒಂದು ಕುರ್ಚಿ ಖಾಲಿ ಬಿಟ್ಟು ಕೂತರು. ಅಮ್ಮನೂ ನಮ್ಮ ಬದಿಯಲ್ಲಿ ಅಕ್ಕನಿಗೆ ಒಂದು ಬಿಟ್ಟರು. ಬಾಗಲಕೋಟೆಯ ಅಣ್ಣ ಜಗ್ಗು ಹಿಡಿದುಕೊಂಡು ಬಂದು ನನ್ನ ಕಿವಿಯಲ್ಲಿ ಕೇಳಿದರು, "ಅಕ್ಕಾರ, ಖಾಲಿ ಕುರ್ಚಿಗೂ ನೀರು ಇಡ್ಲೇನ್ರಿ?"

"ಇಡಿ, ಪ್ಲೇಟೂ ಇಡಿ" ಎಂದೆ. ಅವರು ಪಾಪ, ಇಟ್ಟು, ಕೈಮುಗಿದು ಹಿಂದೆ ಹಿಂದೆ ನಡೆದುಕೊಂಡು ಹೋದರು.

ಪಕ್ಕದ ಮೇಜಿನಲ್ಲಿ ಇಬ್ಬರು ಕಾಲೇಜು ಹುಡುಗರು ತಿನ್ನುತ್ತಿದ್ದರು. ಅವರಿಗೆ ಕನ್ನಡ ಬರುತ್ತಿತ್ತು, ಅದೇ ತಪ್ಪಾದದ್ದು.

"ನಿಮ್ಮ ಹುಡುಗ ಸ್ವಭಾವ ಹೇಗೆ?" ಎಂದರು ಅಮ್ಮ.

"ಬಹಳ ತಣ್ಣಗೆ" ಎಂದರು ಕಾಪುವಿನ ಅಮ್ಮ.

ಹುಡುಗರಲ್ಲಿ ಒಬ್ಬ ಖಾಲಿ ಕುರ್ಚಿ ನೋಡಿದ.

"ನನ್ನ ಮಗಳೂ ಹಾಗೆಯೇ. ಈಗ ಇದ್ದಿದ್ದರೆ ಇಪ್ಪತ್ತಾರು."

"ಇವನಿಗೆ ಮೂವತ್ತು ಆಗುತ್ತಿತ್ತು. ಜೋಡಿ ಒಳ್ಳೆಯದುಂಟು."

ಮಾವ ಕಿಂಡಿಯಿಂದಲೇ, ಅಭ್ಯಾಸದಲ್ಲಿ, "ಕೆಟ್ಟ ಚಟ ಎಂತದ್ದೂ ಇಲ್ಲ ಅಲ್ವಾ?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡರು.

ಆ ಅಮ್ಮ ಗಂಭೀರವಾಗಿ ಹೇಳಿದರು, "ದೇವರ ದಯೆ, ಒಂದೂ ಇಲ್ಲ. ಮೂವತ್ತು ವರ್ಷದಲ್ಲಿ ಅವನಿಂದ ಒಬ್ಬರಿಗೆ ಒಂದು ಉಪದ್ರ ಇಲ್ಲ."

"ಹುಡುಗ-ಹುಡುಗಿಯರನ್ನು ಒಮ್ಮೆ ಕೇಳುವುದು ಬೇಡವಾ?" ಎಂದರು ಅಮ್ಮ.

"ಬಾರದೆ ಇರುತ್ತಾರಾ, ಇಲ್ಲೇ ಕೂತಿರುತ್ತಾರೆ."

ಪಕ್ಕದ ಮೇಜಿನಲ್ಲಿ ಒಂದು ಫೋರ್ಕು ಬಿದ್ದ ಶಬ್ದ ಕೇಳಿತು. ತಿರುಗಿ ನೋಡುವಾಗ ಮೇಜೂ ಖಾಲಿ, ಮೆಟ್ಟಿಲಿನಲ್ಲಿ ದಡದಡ.

ಮಾವ ಹೊರಗೆ ಬಂದರು. ಖಾಲಿ ಕುರ್ಚಿಯ ಎದುರಿನ ಪ್ಲೇಟನ್ನು ಸುತ್ತುಬಂದು ನೋಡಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಕತ್ತರಿಸಲಿಲ್ಲ. ಬಾಯಿ ಹೋಯಿತೆಂದು ಕೂಗಲಿಲ್ಲ. ಯಾರನ್ನೂ ಅಳಿಸಲಿಲ್ಲ. ಇಷ್ಟು ಮರ್ಯಾದೆಯ ಗಂಡು ಈ ಮೆಟ್ಟಿಲು ಹತ್ತಿದ್ದೇ ಇಲ್ಲ. ನನಗೆ ಒಪ್ಪಿಗೆ!"

ಅಮ್ಮಂದಿರು ಇಬ್ಬರೂ ಕೈ ಹಿಡಿದುಕೊಂಡರು. ಅಲ್ಲಿಗೆ ಅಕ್ಕನ ಮದುವೆ ಗಟ್ಟಿ. ನನಗೆ ಮಾತ್ರ, ಅಕ್ಕನದ್ದು ಮುಗಿದರೆ ಮುಂದೆ ಗೊರಕೆ.

ಆಗ ಖಾಲಿ ಕುರ್ಚಿಯ ಪ್ಲೇಟು ತಣ್ಣಗಾಗುತ್ತದೆ ಎಂದು ಕಾಪುವಿನ ಅಮ್ಮ ಅದನ್ನು ಎರಡನೆಯ ಮಗನ ಎದುರಿಗೆ ಸರಿಸಿದರು, "ಅವನ ಹೆಸರಿನಲ್ಲಿ ನೀನು ತಿನ್ನು ಮಗ." ಅವನು ಕೈಮುಗಿದು ಶುರು ಮಾಡಿದ. ಬಗ್ಗಿ, ಬಾಯಿ ಪ್ಲೇಟಿನ ಹತ್ತಿರ ತಂದು, ಸೊರ್ ಎಂದು ಎಳೆದ. ಕತ್ತರಿಸಲಿಲ್ಲ. ತುಟಿ ಮುಟ್ಟಿಕೊಳ್ಳಲಿಲ್ಲ. ಎರಡನೇ ತುತ್ತಿಗೆ ತಲೆ ಎತ್ತಿ "ತಿರ್ಪಲ್ ಇನ್ನೊಂದು ಸ್ವಲ್ಪ ಬೀಳಬಹುದಿತ್ತು. ನಮ್ಮ ನೆರೆಮನೆಯ ಕೊಂಕಣಿಯಮ್ಮ ಬಂಗುಡೆಗೆ ಇದಕ್ಕಿಂತ ಜಾಸ್ತಿ ಹಾಕುತ್ತಾರೆ" ಎಂದ.

ಮಾವ ಎದೆ ಹಿಡಿದುಕೊಂಡು ಪಕ್ಕದ ಕುರ್ಚಿಯಲ್ಲಿ ಕೂತೇಬಿಟ್ಟರು. ಅಕ್ಕನ ಕುರ್ಚಿ ಅದು, ಅಮ್ಮ "ಏಳು ಏಳು" ಎಂದು ಎಬ್ಬಿಸಿದರು.

ಆ ಗಡಿಬಿಡಿಯಲ್ಲಿ ಅಮ್ಮನ ಬೆರಳು ನನ್ನ ತೊಡೆ ಬಿಟ್ಟಿತು ನೋಡಿ! ಇನ್ನು ನನ್ನನ್ನು ಹಿಡಿಯುವವರು ಯಾರು? ಒಂದೇ ಉಸಿರಿಗೆ ಶುರು ಮಾಡಿದೆ, ತಿರ್ಪಲ್ ಎಲ್ಲಿಂದ ತರುವುದು, ಮೆಡಿಕಲ್ ರೆಪ್ ಕಾಲು ಎತ್ತಿದ್ದು, ಕಾಯಿಹಾಲು, ಮೆಣಸಿನ ಎಣ್ಣೆ, ಮುಂಬಯಿಯವನ ಗೊರಕೆ, ಎಲ್ಲ. ಅವನು ಬಾಯಿಯಿಂದ ಒಂದು ಉದ್ದದ ನೂಡಲ್ಸ್ ನೇತಾಡಿಸಿಕೊಂಡು, ಎಳೆಯಲಿಕ್ಕೂ ಮರೆತು ಕೇಳುತ್ತಿದ್ದ. ನಿದ್ದೆ? ರೆಪ್ಪೆ ಸಹ ಹಾಕಲಿಲ್ಲ!

ಕೊನೆಗೆ ಕೇಳಿಯೇಬಿಟ್ಟೆ, "ನಿಮಗೆ ಮದುವೆ ಆಗಿದೆಯಾ?"

ಅಮ್ಮ ಮುಖ ಮುಚ್ಚಿಕೊಂಡರು.

ಅವನು ಆ ನೂಡಲ್ಸನ್ನು ನಿಧಾನವಾಗಿ ಪೂರ್ತಿ ಎಳೆದುಕೊಂಡು ಹೇಳಿದ, "ಇಲ್ಲ. ಬಂದದ್ದೆಲ್ಲ ತಪ್ಪಿಹೋಗುತ್ತದೆ. ದೊಡ್ಡವನನ್ನು ಕೂರಿಸಿಕೊಂಡು ಸಣ್ಣವನಿಗೆ ಹೇಗೆ ಎಂದರಂತೆ ಜೋಯಿಸರು."

ನಾನು ಮಾವನನ್ನು ನೋಡಿದೆ. ಮಾವ ಅಮ್ಮನನ್ನು ನೋಡಿದರು. ಅಮ್ಮ ಕಾಪುವಿನ ಅಮ್ಮನನ್ನು. ಬಾಗಲಕೋಟೆಯ ಅಣ್ಣ ಜಗ್ಗು ಕೆಳಗಿಟ್ಟು, "ಎರಡೂ ಮನಿ ಬರಿ ನೋಡೂದೂ ಬ್ಯಾಡ್ರಿ, ಈಗಷ್ಟೇ ನೋಡ್ಯಾರ" ಎಂದರು.

ಆಟಿಯಲ್ಲಿ ಅಕ್ಕನ ಮದುವೆ ಆಯಿತು. ಅಮ್ಮ ಪೆಟ್ಟಿಗೆಯ ಅಡಿಯಿಂದ ಆ ಸಣ್ಣ ಅಂಗಿ ತೆಗೆದು ಕಾಪುವಿನವರು ತಂದ ಧಾರೆ ಸೀರೆಯ ಮೇಲೆ ಇಟ್ಟು, ಹೆಣ್ಣು ಒಪ್ಪಿಸಿ ಕೊಡುವವರ ಹಾಗೆಯೇ ಅತ್ತರು. ಮಾವ ಅಕ್ಕ ಭಾವನಿಗೆಂದು ಇಟ್ಟ ಎಲೆಗೆ ಕೋಳಿ, ಇಡ್ಲಿಯ ಪಕ್ಕದಲ್ಲಿ ಉದ್ದುದ್ದ ನೂಡಲ್ಸ್ ಬಡಿಸಿದರು. ಆಟಿ ಮುಗಿದ ಮೇಲೆ ನಮ್ಮದು ಆಯಿತು. ಮುಂಬಯಿಯವನಿಗೆ ಫೋನು ಮಾಡಿ ಹೇಳುತ್ತಿರುವಾಗ ಆಚೆಯಿಂದ ಉತ್ತರವೇ ಇಲ್ಲ, ಸಿಟ್ಟಾದನೋ ನಿದ್ದೆ ಹೋದನೋ ಗೊತ್ತಿಲ್ಲ.

ಈಗ ನಾವು ಕಾಪುವಿನಲ್ಲಿ ಇದ್ದೇವೆ. ಜಗಳ ಆಗದೆ ಇರುತ್ತದಾ? ಆಗುತ್ತದೆ. ಮೊನ್ನೆ ಜೋರಾಗಿಯೇ ಆಗಿ ನಾನು ಪರ್ಕಳದ ಅಮ್ಮನ ಮನೆಗೆ ಬಸ್ಸು ಹತ್ತಿ ಹೋಗಿಬಿಟ್ಟೆ. ಅಮ್ಮ ನನ್ನ ಬ್ಯಾಗನ್ನು ಕೂಡ ಒಳಗೆ ಬಿಡಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದರು:

"ನಿನ್ನ ಅಕ್ಕ ಭಾವನನ್ನು ನೋಡಿ ಕಲಿ. ನಿಮಗಿಂತ ಮೊದಲು ಮದುವೆ ಆದವರು. ಇವತ್ತಿನವರೆಗೆ ಒಂದು ಜೋರು ಮಾತು ಕೇಳಿದ್ದೀಯಾ ಆ ಮನೆಯಿಂದ?"